ಮಂಗಳೂರಿನ ವರ್ತಕನೂ ಕೇಂಬ್ರಿಜ್ಜಿನ ರಬ್ಬಿಯೂ



ಕನ್ನಡನಾಡಿನ ಪೂರ್ವಚರಿತ್ರೆಯನ್ನು ಅರಿಯಬೇಕೆಂಬ ಅಪೇಕ್ಷೆಯುಳ್ಳವನು ಮೊದಲು ಕಲ್ಲುಗಳನ್ನು ಆಶ್ರಯಿಸುತ್ತಾನೆ. ಊರ ಗುಡಿಯ ಮುಂದೆ ನಿಂತ ಶಾಸನ, ಹೊಲದ ಬದುವಿನಲ್ಲಿ ವಾಲಿದ ವೀರಗಲ್ಲು, ಕೆರೆಯ ತೂಬಿನ ಮೇಲಣ ನಾಲ್ಕು ಸಾಲು, ಇವೇ ನಮ್ಮ ಇತಿಹಾಸಕಾರರ ಮುಖ್ಯ ಬಂಡವಾಳ. ಘಟಪ್ರಭಾ ನದಿಯ ದಂಡೆಯ ಸೀಮೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಆ ನದಿಯು ಹುಕ್ಕೇರಿಯ ಕಡೆಯಿಂದ ಹರಿದುಬಂದು, ಧುಪದಾಳದ ಒಡ್ಡಿನ ಹಿಂದೆ ಸ್ವಲ್ಪ ಹೊತ್ತು ನಿಂತು, ಮುಂದೆ ಗೋಕಾಕದ ಜಲಪಾತದಲ್ಲಿ ಧುಮುಕುತ್ತದೆ. ಜಲಪಾತದ ಬಳಿಯಲ್ಲಿ ಚಾಲುಕ್ಯ ಶೈಲಿಯ ಗುಡಿಗಳಿವೆ. ಹನ್ನೆರಡನೆಯ ಶತಮಾನದಲ್ಲಿ ಆ ನಾಡು ಸವದತ್ತಿಯ ರಟ್ಟರ ಆಳ್ವಿಕೆಗೆ ಸೇರಿತ್ತು. ರಟ್ಟರ ಶಾಸನಗಳನ್ನು ಓದಿ ಅಚ್ಚು ಹಾಕಿಸಿದ ಫ್ಲೀಟ್ ಸಾಹೇಬರ ಪರಿಶ್ರಮದಿಂದ, ಯಾವ ಅರಸನು ಯಾವ ದೇವರಿಗೆ ಎಷ್ಟು ಮತ್ತರು ಭೂಮಿಯನ್ನು ಬಿಟ್ಟನೆಂಬುದು ನಮಗೆ ತಿಳಿದುಬಂದಿದೆ. ಆದರೆ ಅದೇ ಕಾಲದಲ್ಲಿ ಅದೇ ದಂಡೆಯ ವರ್ತಕನೊಬ್ಬನು ಯಾರಿಗೆ ಸಾಲ ಕೊಟ್ಟು ಕೈಸುಟ್ಟುಕೊಂಡನು, ದೂರದೇಶದಲ್ಲಿದ್ದ ತಮ್ಮನಿಗೆ ಏನೆಂದು ಓಲೆ ಬರೆದನು, ಮಗಳ ಮದುವೆಗೆ ಏನೇನು ಕೊಟ್ಟನು, ಇವನ್ನು ಯಾವ ಕಲ್ಲೂ ಹೇಳುವುದಿಲ್ಲ. ಕಲ್ಲಿನ ಮೇಲೆ ಪುಣ್ಯವನ್ನು ಕೆತ್ತಿಸುತ್ತಾರೆ, ಸಂಸಾರವನ್ನು ಕೆತ್ತಿಸುವುದಿಲ್ಲ.

ಹೀಗಿರಲು, ಅದೇ ಹನ್ನೆರಡನೆಯ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಮಂಗಳೂರಿನಲ್ಲಿ ವಾಸವಾಗಿದ್ದ ಒಬ್ಬ ವರ್ತಕನ ವಿಷಯದಲ್ಲಿ ಮಾತ್ರ ಇವೆಲ್ಲವೂ ನಮಗೆ ಗೊತ್ತಾಗಿವೆಯೆಂದರೆ ಆಶ್ಚರ್ಯವಾಗಬಹುದು. ಆತನ ಹೆಸರು ಅಬ್ರಹಾಂ ಬೆನ್ ಯಿಜು. ಈತನು ಆಫ್ರಿಕ ಖಂಡದ ಉತ್ತರತೀರದಲ್ಲಿರುವ ಮಹದಿಯಾ ಎಂಬ ಪಟ್ಟಣದ ಯೆಹೂದ್ಯನು. ೧೧೩೨ರ ಸುಮಾರಿಗೆ ಇಲ್ಲಿಗೆ ಬಂದು, ೧೧೪೯ರವರೆಗಿನ ಕಾಲದ ಬಹುಭಾಗವನ್ನು ಮಂಗಳೂರಿನಲ್ಲಿಯೇ ಕಳೆದನು. ಆತನ ಹೆಸರು ನಮ್ಮ ಯಾವ ಶಾಸನದಲ್ಲಿಯೂ ಇಲ್ಲ. ಆತನ ಕಾಗದಪತ್ರಗಳು ಸಿಕ್ಕಿದುದು ಮಂಗಳೂರಿನಲ್ಲಿ ಅಲ್ಲ, ಈಜಿಪ್ತ ದೇಶದ ಹಳೆಯ ಕೈರೋ ನಗರದ ಒಂದು ಕತ್ತಲೆಕೋಣೆಯಲ್ಲಿ. ಅವುಗಳಲ್ಲಿ ಬಹುಪಾಲನ್ನು ಆ ಕೋಣೆಯಿಂದ ಹೊರಕ್ಕೆ ತಂದವರು ಹೀಬ್ರೂ ಭಾಷೆಯ ಒಬ್ಬ ಮಹಾಪಂಡಿತರು, ರಬ್ಬಿ ಸಾಲೊಮನ್ ಶೆಖ್ಟರ್. ಅವರು ಆ ಕೋಣೆಗೆ ಹೋದುದು ಮಂಗಳೂರಿನ ಚರಿತ್ರೆಯನ್ನು ಹುಡುಕುವುದಕ್ಕಾಗಿ ಖಂಡಿತವಾಗಿಯೂ ಅಲ್ಲ. ತಮ್ಮ ಭಾಷೆಗೆ ಸಂಬಂಧಪಟ್ಟ ಒಂದು ವಾದವನ್ನು ಇತ್ಯರ್ಥಪಡಿಸುವುದಕ್ಕಾಗಿ. ಆ ರಬ್ಬಿಯ ವಿದ್ವಜ್ಜೀವನವನ್ನೂ, ಅದರಿಂದ ನಮಗೆ ಅನಾಯಾಸವಾಗಿ ದೊರೆತ ಲಾಭವನ್ನೂ ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ.

ರಬ್ಬಿಯೆಂದರೆ ಯೆಹೂದ್ಯರಲ್ಲಿ ಧರ್ಮಶಾಸ್ತ್ರವನ್ನು ಓದಿ, ಅದರಲ್ಲಿ ತೀರ್ಪು ಹೇಳುವ ಅಧಿಕಾರವನ್ನು ಗುರುಗಳಿಂದ ಪಡೆದ ಆಚಾರ್ಯ. ನಮ್ಮಲ್ಲಿ ಶಾಸ್ತ್ರಿಗಳು ಎಂಬ ಮಾತಿಗಿರುವ ಅರ್ಥಕ್ಕೆ ಇದು ಹತ್ತಿರ. ಶೆಖ್ಟರ್ ಅವರು ೧೮೪೭ರಲ್ಲಿ ರೊಮೇನಿಯ ದೇಶದ ಫೋಕ್ಷಾನಿ ಎಂಬ ಊರಿನಲ್ಲಿ ಜನಿಸಿದರು. ಮನೆತನವು ಕಟ್ಟಾ ಸಂಪ್ರದಾಯದ್ದು. ಬಾಲ್ಯದಲ್ಲಿಯೇ ಹೀಬ್ರೂ ವೇದವನ್ನೂ, ಅನಂತರ ತಾಲ್ಮೂದ್ ಎಂಬ ಧರ್ಮಶಾಸ್ತ್ರ ಸಮುದ್ರವನ್ನೂ ಪ್ರವೇಶಿಸಿದರು. ಆಮೇಲೆ ವಿಯೆನ್ನಾ ನಗರದಲ್ಲಿ ರಬ್ಬಿಯ ಪದವಿಯನ್ನು ಪಡೆದು, ಬರ್ಲಿನ್ನಿನಲ್ಲಿ ಹೊಸ ಕಾಲದ ಗ್ರಂಥಪರಿಶೋಧನ ಕ್ರಮವನ್ನು ಅಭ್ಯಾಸ ಮಾಡಿದರು. ಹಳೆಯ ಪಾಠಶಾಲೆಯ ಕಂಠಪಾಠವೂ ಹೊಸ ವಿದ್ಯಾಪೀಠದ ಪಾಠಾಂತರ ವಿಮರ್ಶೆಯೂ ಒಬ್ಬರಲ್ಲಿಯೇ ಸೇರಿದುದು ಮುಂದಿನ ಕಾರ್ಯಕ್ಕೆ ಬಹಳ ಉಪಕಾರವಾಯಿತು. ೧೮೮೨ರಲ್ಲಿ ಇಂಗ್ಲೆಂಡಿಗೆ ಬಂದರು. ೧೮೮೭ರಲ್ಲಿ ‘ಆವೋತ್ ದ ರಬ್ಬಿ ನಾತಾನ್’ ಎಂಬ ಪ್ರಾಚೀನ ನೀತಿಗ್ರಂಥವನ್ನು ಅನೇಕ ಹಸ್ತಪ್ರತಿಗಳೊಡನೆ ಹೋಲಿಸಿ ಪ್ರಕಟಿಸಿದರು. ಆ ಒಂದು ಗ್ರಂಥದಿಂದಲೇ ಅವರ ಕೀರ್ತಿ ಹರಡಿತು. ೧೮೯೦ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ರಬ್ಬಿಗಳ ವಾಙ್ಮಯವನ್ನು ಬೋಧಿಸುವುದಕ್ಕಾಗಿ ಅವರನ್ನು ನಿಯಮಿಸಿಕೊಂಡಿತು.

ಈಗ ಆ ವಾದದ ವಿಷಯ. ಕ್ರಿಸ್ತಪೂರ್ವ ೧೮೦ರ ಸುಮಾರಿನಲ್ಲಿ ಜೆರೂಸಲೇಮಿನಲ್ಲಿ ಬೆನ್ ಸಿರಾ ಎಂಬ ಜ್ಞಾನಿಯಿದ್ದನು. ಸಜ್ಜನರ ಸಂಗ, ಸಾಲದ ಕಷ್ಟ, ಮಕ್ಕಳ ಶಿಕ್ಷಣ, ಮಾತಿನ ಮಿತಿ, ಊಟದ ಮರ್ಯಾದೆ ಮೊದಲಾದ ವಿಷಯಗಳನ್ನು ಕುರಿತು, ನಮ್ಮ ಸರ್ವಜ್ಞನಂತೆ, ಆತನು ಚಿಕ್ಕ ಚಿಕ್ಕ ನುಡಿಗಳ ಒಂದು ಗ್ರಂಥವನ್ನು ಹೀಬ್ರೂವಿನಲ್ಲಿ ರಚಿಸಿದನು. ಕ್ರಿಸ್ತಪೂರ್ವ ೧೩೨ರಲ್ಲಿ ಈಜಿಪ್ತಿಗೆ ಬಂದ ಆತನ ಮೊಮ್ಮಗನು ಅದನ್ನು ಗ್ರೀಕ್ ಭಾಷೆಗೆ ಪರಿವರ್ತಿಸಿದನು. ಯೆಹೂದ್ಯರು ತಮ್ಮ ವೇದಗ್ರಂಥಗಳ ಸಾಲಿಗೆ ಈ ಪುಸ್ತಕವನ್ನು ಸೇರಿಸಿಕೊಳ್ಳಲಿಲ್ಲ. ಆದುದರಿಂದ ಅದನ್ನು ಪ್ರತಿಮಾಡುವವರು ಕಡಮೆಯಾದರು. ಹತ್ತನೆಯ ಶತಮಾನದ ಸಾದ್ಯಾ ಎಂಬ ಆಚಾರ್ಯನು ಅದರ ಹೀಬ್ರೂ ವಾಕ್ಯಗಳನ್ನು ಉದಾಹರಿಸಿದ್ದಾನೆ. ಅಲ್ಲಿಂದೀಚೆಗೆ ಮೂಲಗ್ರಂಥವು ವಿದ್ವಾಂಸರ ಕಣ್ಣಿಗೆ ಬೀಳಲಿಲ್ಲ. ಗ್ರೀಕ್ ಅನುವಾದವೂ ಸಿರಿಯದ ಭಾಷೆಯ ಅನುವಾದವೂ ತಾಲ್ಮೂದಿನಲ್ಲಿ ಅಲ್ಲಲ್ಲಿ ಚದರಿದ ಕೆಲವು ಉದಾಹೃತ ವಾಕ್ಯಗಳೂ ಮಾತ್ರ ಉಳಿದುವು.

ಮೂಲವು ನಷ್ಟವಾದ ಒಂದು ನೀತಿಪುಸ್ತಕಕ್ಕಾಗಿ ಇಷ್ಟು ಗದ್ದಲವೇಕೆ ಎಂದು ಕೇಳಬಹುದು. ಅದಕ್ಕೆ ಕಾರಣವಿದೆ. ಹೀಬ್ರೂ ಬೈಬಲಿನ ಬಹು ಭಾಗಗಳು ಯಾವ ಕಾಲದಲ್ಲಿ ಹುಟ್ಟಿದುವೆಂಬುದನ್ನು ಭಾಷೆಯ ರೂಪದಿಂದ ನಿರ್ಣಯಿಸಬೇಕಾಗಿದೆ. ನಮ್ಮಲ್ಲಿ ಪಂಪನ ಹಳಗನ್ನಡಕ್ಕೂ ಕುಮಾರವ್ಯಾಸನ ನಡುಗನ್ನಡಕ್ಕೂ ವ್ಯತ್ಯಾಸವಿರುವಂತೆ, ಬೈಬಲಿನ ಹೀಬ್ರೂವಿಗೂ ರಬ್ಬಿಗಳ ಧರ್ಮಶಾಸ್ತ್ರದ ಹೀಬ್ರೂವಿಗೂ ವ್ಯತ್ಯಾಸವಿದೆ. ಬೈಬಲಿನ ಬಹು ಗ್ರಂಥಗಳಿಗೆ ಕಾಲಸೂಚನೆಯಿಲ್ಲ. ಬೆನ್ ಸಿರಾನ ಗ್ರಂಥಕ್ಕಾದರೋ ಮೊಮ್ಮಗನ ಪೀಠಿಕೆಯಿಂದ ಕಾಲವು ಸಿದ್ಧವಾಗಿದೆ. ಆದುದರಿಂದ ಆತನು ಯಾವ ಬಗೆಯ ಹೀಬ್ರೂವಿನಲ್ಲಿ ಬರೆದನೆಂಬುದು ತಿಳಿದರೆ, ಉಳಿದ ಗ್ರಂಥಗಳನ್ನು ಅಳೆಯುವುದಕ್ಕೆ ಒಂದು ಅಳತೆಗೋಲು ಸಿಕ್ಕಿದಂತಾಗುತ್ತದೆ. ೧೮೯೦ರಲ್ಲಿ ಆಕ್ಸ್‌ಫರ್ಡಿನ ಅರಬ್ಬಿ ಭಾಷೆಯ ಆಚಾರ್ಯರಾದ ಮಾರ್ಗೋಲಿಯತ್ ಅವರು, ಬೆನ್ ಸಿರಾನ ಕಾಲಕ್ಕಾಗಲೇ ಭಾಷೆಯು ರಬ್ಬಿಗಳ ಹೊಸ ಹೀಬ್ರೂವಾಗಿ ಪರಿಣಮಿಸಿತ್ತೆಂದು ವಾದಿಸಿದರು. ಹಾಗಾದರೆ ಹಳೆಯ ಭಾಷೆಯಲ್ಲಿರುವ ಗ್ರಂಥಗಳೆಲ್ಲವೂ ಆತನಿಗಿಂತ ಬಹಳ ಹಿಂದಿನವೆಂದು ಹೇಳಬೇಕಾಗುತ್ತದೆ. ಶೆಖ್ಟರ್ ಅವರಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಅವರು ತಾಲ್ಮೂದಿನಲ್ಲಿರುವ ಬೆನ್ ಸಿರಾನ ವಾಕ್ಯಗಳನ್ನೆಲ್ಲ ಕೂಡಿಸಿ ೧೮೯೧ರಲ್ಲಿ ಪ್ರಕಟಿಸಿದರು. ಆದರೂ ಮೂಲವೇ ಇಲ್ಲದಮೇಲೆ ವಾದವು ಮುಗಿಯುವುದೆಂತು?

೧೮೯೬ನೆಯ ಇಸವಿಯ ಮೇ ತಿಂಗಳಲ್ಲಿ ದೈವಯೋಗದಿಂದ ಒಂದು ಎಲೆ ಅವರ ಕೈಗೆ ಬಂತು. ಕೇಂಬ್ರಿಜ್ಜಿನಲ್ಲಿ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಇಬ್ಬರು ಅವಳಿ ಸೋದರಿಯರು ಇದ್ದರು. ಇಬ್ಬರೂ ಸ್ಕಾಟ್ಲೆಂಡಿನವರು, ವಿಧವೆಯರು, ಪೌರಸ್ತ್ಯ ಭಾಷೆಗಳಲ್ಲಿ ಸ್ವಂತ ಪರಿಶ್ರಮದಿಂದ ಪಾಂಡಿತ್ಯವನ್ನು ಸಂಪಾದಿಸಿದವರು. ೧೮೯೨ರಲ್ಲಿ ಅವರು ಸಿನಾಯ್ ಪರ್ವತದ ಮಠದಲ್ಲಿ ಕ್ರಿಸ್ತ ಸುವಾರ್ತೆಗಳ ಒಂದು ಪುರಾತನ ಸಿರಿಯದ ಪ್ರತಿಯನ್ನು ಬೆಳಕಿಗೆ ತಂದು ಹೆಸರಾಗಿದ್ದರು. ಈಜಿಪ್ತ ಮತ್ತು ಪ್ಯಾಲೆಸ್ತೀನಗಳ ಪ್ರವಾಸದಿಂದ ಹಿಂದಿರುಗುವಾಗ ವ್ಯಾಪಾರಿಗಳಿಂದ ಕೊಂಡು ತಂದ ಹೀಬ್ರೂ ಹಾಳೆಗಳನ್ನು ಅವರು ಶೆಖ್ಟರ್ ಅವರಿಗೆ ತೋರಿಸಿದರು. ಅವುಗಳಲ್ಲಿ ಹರಿದು ಮಾಸಿದ ಒಂದು ಎಲೆಯನ್ನು ನೋಡುತ್ತಲೇ ರಬ್ಬಿಗೆ ಸಂದೇಹ ಹುಟ್ಟಿತು. ಪುಸ್ತಕಭಂಡಾರಕ್ಕೆ ಹೋಗಿ ಹೋಲಿಸಿ ನೋಡಲು ಅದು ಬೆನ್ ಸಿರಾನ ಗ್ರಂಥದ ಮೂವತ್ತೊಂಬತ್ತನೆಯ ಮತ್ತು ನಲವತ್ತನೆಯ ಅಧ್ಯಾಯಗಳ ಹೀಬ್ರೂ ಮೂಲವೆಂದು ಗೊತ್ತಾಯಿತು. ತಾಲ್ಮೂದಿನ ಚದರಿದ ವಾಕ್ಯಗಳನ್ನು ಐದು ವರ್ಷಗಳ ಹಿಂದೆಯೇ ಒಂದೊಂದಾಗಿ ಆರಿಸಿಕೊಂಡು ಕುಳಿತವರಿಗಲ್ಲದೆ ಅನ್ಯರಿಗೆ ಆ ಎಲೆಯ ಗುರುತು ಅಷ್ಟು ಬೇಗನೆ ಹತ್ತುತ್ತಿರಲಿಲ್ಲವೆಂಬುದು ಸ್ಪಷ್ಟ.

ಒಂದು ಎಲೆ ಬಂದ ಕಡೆಯಲ್ಲಿ ಮತ್ತಷ್ಟು ಎಲೆಗಳಿರಬೇಕು. ಇಂಥ ಹಾಳೆಗಳು ಹಳೆಯ ಕೈರೋವಿನ ಬೆನ್ ಎಜ್ರಾ ಎಂಬ ಪ್ರಾರ್ಥನಾಮಂದಿರದಿಂದ ಹೊರಬರುತ್ತಿವೆಯೆಂದು ಶೆಖ್ಟರ್ ಅವರು ಊಹಿಸಿದರು. ಇಲ್ಲಿ ಯೆಹೂದ್ಯರ ಒಂದು ಆಚಾರವನ್ನು ವಿವರಿಸಬೇಕು. ಭಗವಂತನ ನಾಮವು ಬರೆದಿರುವ ಯಾವ ಹಾಳೆಯನ್ನೂ ಅವರು ಸುಡುವುದಿಲ್ಲ, ಕಸದಲ್ಲಿ ಹಾಕುವುದಿಲ್ಲ. ಸವೆದುಹೋದ ಗ್ರಂಥಗಳನ್ನು ಗೆನೀಜಾ ಎಂಬ ಒಂದು ಗುಪ್ತಸ್ಥಾನದಲ್ಲಿ ಇಟ್ಟು, ಕೆಲಕಾಲದ ಮೇಲೆ ಶ್ಮಶಾನದಲ್ಲಿ ಹೂಳುತ್ತಾರೆ. ಕಾಗದವು ಕಾಲಿಗೆ ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಮ್ಮ ಜನರಿಗೆ ಈ ಭಾವನೆಯು ಅರ್ಥವಾಗದೆ ಇರದು. ಕೈರೋವಿನ ಯೆಹೂದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೀಬ್ರೂ ಅಕ್ಷರದಲ್ಲಿ ಬರೆದ ಎಲ್ಲವನ್ನೂ, ವೇದಗ್ರಂಥದಿಂದ ಹಿಡಿದು ಕಿರಾಣಿ ಲೆಕ್ಕದವರೆಗೆ, ತಮ್ಮ ಮಂದಿರದ ಗೋಡೆಯ ಹಿಂದಿನ ಕೋಣೆಯೊಳಕ್ಕೆ ಹಾಕುತ್ತಿದ್ದರು. ಆ ಕೋಣೆಗೆ ಬಾಗಿಲಿಲ್ಲ. ಏಣಿಯನ್ನು ಹತ್ತಿ ಮೇಲಿನ ಕಂಡಿಯಿಂದ ಇಳಿಯಬೇಕು. ಅಲ್ಲಿಯ ಹಾಳೆಗಳು ಹೂಳಲ್ಪಡದೆ ಶತಮಾನಗಳವರೆಗೆ ಹಾಗೆಯೇ ಬಿದ್ದಿದ್ದುವು. ಈಜಿಪ್ತದ ಒಣಹವೆಯಿಂದ ಅವು ಕೊಳೆಯಲಿಲ್ಲ.

೧೮೯೬ರ ಡಿಸೆಂಬರಿನಲ್ಲಿ ಶೆಖ್ಟರ್ ಅವರು ಕೈರೋವಿಗೆ ಹೊರಟರು. ವೆಚ್ಚವನ್ನು ಕೊಟ್ಟವರು ಕೇಂಬ್ರಿಜ್ಜಿನ ಸೇಂಟ್ ಜಾನ್ಸ್ ಕಾಲೇಜಿನ ಮುಖ್ಯಸ್ಥರಾದ ಚಾರ್ಲ್ಸ್ ಟೇಲರ್ ಅವರು. ಅವರು ಕ್ರೈಸ್ತರಾದರೂ ಹೀಬ್ರೂ ವಿದ್ವಾಂಸರು. ಕೈರೋವಿನ ಮುಖ್ಯ ರಬ್ಬಿಯ ಸ್ನೇಹವನ್ನು ಸಂಪಾದಿಸಿಕೊಂಡು, ಬೇಕಾದುದನ್ನು ತೆಗೆದುಕೊಂಡು ಹೋಗುವ ಅಪ್ಪಣೆಯನ್ನು ಅವರು ಪಡೆದರು. ಶತಮಾನಗಳ ಧೂಳು ತುಂಬಿದ ಆ ಕೋಣೆಯಲ್ಲಿ ವಾರಗಟ್ಟಲೆ ಕುಳಿತು, ಅಚ್ಚಾದ ಹಾಳೆಗಳನ್ನು ಬಿಟ್ಟು, ಕೈಬರಹದ ಹಾಳೆಗಳನ್ನು ಆರಿಸಿ ಕೇಂಬ್ರಿಜ್ಜಿಗೆ ಕಳುಹಿಸಿದರು. ಈ ಧೂಳಿನಿಂದ ಅವರ ಆರೋಗ್ಯವು ಕೆಟ್ಟಿತು. ಅವರು ತಂದ ತುಣುಕುಗಳ ಸಂಖ್ಯೆ ಸುಮಾರು ೧,೯೩,೦೦೦. ೧೮೯೮ರಲ್ಲಿ ಈ ಸಂಗ್ರಹವು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರಕ್ಕೆ ದತ್ತವಾಯಿತು. ಈಗಲೂ ಅಲ್ಲಿಯೇ, ಟೇಲರ್-ಶೆಖ್ಟರ್ ಸಂಗ್ರಹವೆಂಬ ಹೆಸರಿನಿಂದ ಇದೆ.

೧೮೯೯ರಲ್ಲಿ ಶೆಖ್ಟರ್ ಮತ್ತು ಟೇಲರ್ ಇಬ್ಬರೂ ಸೇರಿ ತಮಗೆ ದೊರೆತ ಬೆನ್ ಸಿರಾನ ಭಾಗಗಳನ್ನು ಅಚ್ಚು ಹಾಕಿಸಿದರು. ಶೆಖ್ಟರ್ ಅವರ ಅಭಿಪ್ರಾಯವೇನೆಂದರೆ, ಬೆನ್ ಸಿರಾನು ಬುದ್ಧಿಪೂರ್ವಕವಾಗಿ ಬೈಬಲಿನ ಪ್ರೌಢಭಾಷೆಯನ್ನು ಅನುಕರಿಸಿ ಬರೆದಿದ್ದಾನೆ. ಆದರೂ ಅಲ್ಲಲ್ಲಿ ಆತನ ಕಾಲದ ಹೊಸಮಾತುಗಳು ತಿಳಿದೋ ತಿಳಿಯದೆಯೋ ನುಸುಳಿವೆ. ನಮ್ಮ ಷಡಕ್ಷರದೇವನು ಹದಿನೇಳನೆಯ ಶತಮಾನದಲ್ಲಿದ್ದುಕೊಂಡು ಹಳೆಯ ಚಂಪೂಕವಿಗಳ ಕನ್ನಡದಲ್ಲಿ ಕಾವ್ಯವನ್ನು ರಚಿಸಿದುದನ್ನು ಬಲ್ಲವರಿಗೆ ಇದು ಸುಲಭವಾಗಿ ಮನದಟ್ಟಾಗುತ್ತದೆ. ಆದರೆ ಮಾರ್ಗೋಲಿಯತ್ ಅವರು ಸುಮ್ಮನಾಗಲಿಲ್ಲ. ಹಸ್ತಪ್ರತಿಯ ಅಂಚಿನಲ್ಲಿ ಪಾರಸಿ ಭಾಷೆಯ ಟಿಪ್ಪಣಿಗಳಿರುವುದನ್ನು ಹಿಡಿದು, ಇದು ಮೂಲವೇ ಅಲ್ಲ, ಪಾರಸಿಯಿಂದ ಮಧ್ಯಕಾಲದಲ್ಲಿ ಯಾರೋ ಮರಳಿ ಹೀಬ್ರೂವಿಗೆ ಮಾಡಿದ ಅನುವಾದವೆಂದು ಅದೇ ವರ್ಷ ಬರೆದರು. ಸಂದೇಹಕ್ಕೆ ಸ್ವಲ್ಪ ಆಸ್ಪದವಿದ್ದಿತು. ಏಕೆಂದರೆ ಸಿಕ್ಕಿದ ಪ್ರತಿಗಳು ಬೆನ್ ಸಿರಾನ ಕಾಲಕ್ಕಿಂತ ಸಾವಿರ ವರ್ಷಗಳಿಗೂ ಈಚಿನವು.

ಶೆಖ್ಟರ್ ಅವರು ೧೯೦೨ರಲ್ಲಿ ನ್ಯೂಯಾರ್ಕಿನ ಯೆಹೂದ್ಯ ಧರ್ಮಶಾಸ್ತ್ರ ವಿದ್ಯಾಲಯದ ಅಧ್ಯಕ್ಷರಾಗಿ ಅಮೆರಿಕಕ್ಕೆ ಹೋದರು. ೧೯೧೦ರಲ್ಲಿ ಗೆನೀಜಾದಿಂದಲೇ ದೊರೆತ ಮತ್ತೊಂದು ಅಜ್ಞಾತಗ್ರಂಥವನ್ನು, ಪುರಾತನಕಾಲದ ಒಂದು ಯೆಹೂದ್ಯ ಪಂಥದ ನಿಯಮಗಳೆಂದು ನಿರ್ಣಯಿಸಿ ಪ್ರಕಟಿಸಿದರು. ೧೯೧೫ರ ನವೆಂಬರಿನಲ್ಲಿ ದೈವಾಧೀನರಾದರು. ಎರಡು 

ವಿಷಯಗಳಲ್ಲಿಯೂ ಅವರ ಮಾತಿಗೆ ಪ್ರಮಾಣ ಸಿಕ್ಕಿದುದು ಅವರ ಮರಣಾನಂತರ. ೧೯೪೭ರಿಂದ ಮೃತಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ದೊರೆಯತೊಡಗಿದ ಸುರುಳಿಗಳಲ್ಲಿ ಆ ಪಂಥದ ಗ್ರಂಥದ ಪ್ರಾಚೀನ ತುಣುಕುಗಳೂ ಇದ್ದುವು. ೧೯೬೪ರಲ್ಲಿ ಯಿಗಾಯೆಲ್ ಯಾದೀನ್ ಅವರು ಮಸಾದಾ ಎಂಬ ಬೆಟ್ಟದ ಕೋಟೆಯನ್ನು ಅಗೆಯಿಸುವಾಗ ಬೆನ್ ಸಿರಾನ ಹೀಬ್ರೂ ಗ್ರಂಥದ ಒಂದು ಸುರುಳಿಯೇ ದೊರೆಯಿತು. ಅದು ಕ್ರಿಸ್ತಪೂರ್ವ ಒಂದನೆಯ ಶತಮಾನದ್ದು. ಮೂವತ್ತೊಂಬತ್ತರಿಂದ ನಲವತ್ತನಾಲ್ಕನೆಯ ಅಧ್ಯಾಯದವರೆಗಿನ ಭಾಗ. ಕೈರೋವಿನ ಪ್ರತಿಯಲ್ಲಿ ಲೇಖಕರ ತಪ್ಪುಗಳೂ ತಿದ್ದುಪಡಿಗಳೂ ಇದ್ದರೂ ಅದು ಮುಖ್ಯವಾಗಿ ಮೂಲದ ಸಂತತಿಯೇ ಹೊರತು ಮರು ಅನುವಾದವಲ್ಲವೆಂಬುದು ಇದರಿಂದ ಸ್ಥಿರಪಟ್ಟಿತು. ಮೊದಲ ಎಲೆಯ ಗುರುತು ಹಿಡಿದ ಅರವತ್ತೆಂಟು ವರ್ಷಗಳ ಮೇಲೆ ಆ ರಬ್ಬಿಯ ವಾದವು ಗೆದ್ದಿತು.

ಇಲ್ಲಿಯವರೆಗಿನದು ಹೀಬ್ರೂ ಭಾಷೆಯ ಕಥೆ. ಇನ್ನು ನಮ್ಮ ಮಂಗಳೂರಿನ ಕಥೆಗೆ ಬರೋಣ.

ಶೆಖ್ಟರ್ ಅವರಿಗೆ ಬೇಕಾಗಿದ್ದುದು ಗ್ರಂಥಗಳು. ಆದರೆ ಕೈಬರಹವಾದುದನ್ನೆಲ್ಲ ಅವರು ತಂದುದರಿಂದ, ಗ್ರಂಥಗಳ ಜೊತೆಯಲ್ಲಿ ಸಾವಿರಾರು ಕಾಗದಪತ್ರಗಳು, ಕರಾರುಗಳು, ಲೆಕ್ಕದ ಪಟ್ಟಿಗಳು ಬಂದುವು. ಅವುಗಳ ಲಿಪಿ ಹೀಬ್ರೂ. ಆದರೆ ಬಹುಪಾಲು ಭಾಷೆ ಅರಬ್ಬಿ. ತುಳುವಿನ ಹಾಡನ್ನೂ ಕೊಂಕಣಿಯ ಪತ್ರವನ್ನೂ ಕನ್ನಡ ಅಕ್ಷರದಲ್ಲಿ ಬರೆಯುವ ರೂಢಿ ನಮ್ಮ ಕರಾವಳಿಯಲ್ಲಿ ಇರುವಂತೆ, ಅರಬ್ಬರ ನಾಡಿನ ಯೆಹೂದ್ಯರು ಮನೆಮಾತಾದ ಅರಬ್ಬಿಯನ್ನು ತಮ್ಮ ಲಿಪಿಯಲ್ಲಿ ಬರೆಯುತ್ತಿದ್ದರು. ಹೀಗೆ ಲಿಪಿಯ ಪಾವಿತ್ರ್ಯದಿಂದಾಗಿ ಲೌಕಿಕವಾದ ಲೆಕ್ಕವೂ ಉಳಿಯಿತು. ಈ ಪತ್ರಗಳಿಂದ ಹಿಂದೂಮಹಾಸಾಗರದ ವ್ಯಾಪಾರದ ಚರಿತ್ರೆಯನ್ನು ಕಟ್ಟಿದವರು, ಬವೇರಿಯದ ಒಬ್ಬ ರಬ್ಬಿಯ ಪುತ್ರರಾದ ಎಸ್. ಡಿ. ಗೊಯಿಟೈನ್ ಅವರು. ಭಾರತದ ವರ್ತಕರ ಪತ್ರಗಳನ್ನು ಕುರಿತ ಅವರ ಮಹಾಕಾರ್ಯವು ೧೯೮೫ರಲ್ಲಿ ಅವರು ತೀರಿಕೊಂಡಾಗ ಅಪೂರ್ಣವಾಗಿತ್ತು. ಅದನ್ನು ಮೊರ್ದೆಖಾಯ್ ಫ್ರೀಡ್ಮನ್ ಅವರು ಮುಂದುವರಿಸಿ ೨೦೦೮ರಲ್ಲಿ ಇಂಗ್ಲೀಷಿನಲ್ಲಿ ಹೊರತಂದರು.

ಬೆನ್ ಯಿಜುವಿನ ಪತ್ರಗಳು ಆ ಗೆನೀಜಾದಿಂದ ದೊರೆತಂಥವು. ಅವುಗಳಲ್ಲಿ ೧೧೩೨ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿಯೇ ಬರೆದ ಒಂದು ಶಾಸನಪತ್ರವಿದೆ. ಆಶು ಎಂಬ ದಾಸಿಯನ್ನು ಆತನು ದಾಸ್ಯದಿಂದ ಬಿಡುಗಡೆ ಮಾಡಿ, ಅವಳಿಗೆ ಬೆರಾಖಾ, ಎಂದರೆ ಆಶೀರ್ವಾದ, ಎಂಬ ಹೆಸರನ್ನು ಕೊಟ್ಟನು. ಆಕೆಯೇ ಆತನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರು ತಿಳಿಯುತ್ತಾರೆ. ಲೆಕ್ಕದಲ್ಲಿ ನಾಯರ್ ಎಂಬ ಒಬ್ಬ ಭಾವಮೈದುನನ ಉಲ್ಲೇಖವಿರುವುದರಿಂದ ಆಕೆ ನಾಯರ್ ಕುಲದವಳಿರಬೇಕೆಂದು ಗೊಯಿಟೈನ್ ಅವರ ಊಹೆ. ಅದು ಆಳುಪರು ತುಳುನಾಡನ್ನು ಆಳುತ್ತಿದ್ದ ಕಾಲ. ಘಟ್ಟದ ಮೇಲೆ ದೋರಸಮುದ್ರದಲ್ಲಿ ವಿಷ್ಣುವರ್ಧನನು ಅರಸನಾಗಿದ್ದನು. ಬೆನ್ ಯಿಜುವು ಇಲ್ಲಿಂದ ಏಡನ್ ಬಂದರಕ್ಕೆ ಮೆಣಸು, ಅಡಕೆ, ಏಲಕ್ಕಿ, ಕಬ್ಬಿಣಗಳನ್ನು ಕಳುಹಿಸುತ್ತಿದ್ದನು. ಆತನಿಗೆ ಕಂಚಿನ ಪಾತ್ರೆಗಳ ಒಂದು ಕಾರ್ಖಾನೆಯೂ ಇತ್ತು. ಏಡನ್ನಿನ ಸ್ನೇಹಿತರು ಒಡೆದ ಹಳೆಯ ಪಾತ್ರೆಗಳನ್ನೂ ತಾಮ್ರವನ್ನೂ ಕಳುಹಿಸಿ, ಇಂಥ ಅಳತೆಯ ದೀಪ, ಇಂಥ ಆಕಾರದ ಹೂಜಿ ಬೇಕೆಂದು ಬರೆಯುತ್ತಿದ್ದರು. ಏಲಕ್ಕಿಗಾಗಿ ಮುಂಗಡ ಹಣವನ್ನು ತೆಗೆದುಕೊಂಡು ಸರಕನ್ನು ಕೊಡದೆಹೋದ ಸ್ಥಳಿಕನೊಬ್ಬನ ವಿಷಯವು ಪತ್ರದಿಂದ ಪತ್ರಕ್ಕೆ ಬೆಳೆಯುತ್ತದೆ.

ಏಡನ್ನಿನಿಂದ ಬರುತ್ತಿದ್ದ ಉಡುಗೊರೆಗಳು ಸಕ್ಕರೆ, ಒಣದ್ರಾಕ್ಷಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಕಾಗದ. ನಮ್ಮ ದೇಶದಲ್ಲಿ ಆಗ ಬರೆಯುತ್ತಿದ್ದುದು ಓಲೆಗರಿಯ ಮೇಲೆ, ಕಾಗದವು ದುರ್ಲಭ. ಆದುದರಿಂದ ಬಂದ ಪತ್ರದ ಬೆನ್ನಮೇಲೆಯೇ ಬೆನ್ ಯಿಜು ತನ್ನ ಲೆಕ್ಕವನ್ನು ಬರೆದುಕೊಳ್ಳುತ್ತಿದ್ದನು. ಆತನು ಕೇವಲ ಧನಾರ್ಜನೆಯಲ್ಲಿ ಮುಳುಗಿದವನಲ್ಲ; ಬರಹವು ಅಂದವಾದುದು, ಹೀಬ್ರೂವಿನಲ್ಲಿ ಪದ್ಯಗಳನ್ನು ರಚಿಸುತ್ತಿದ್ದನು, ಧರ್ಮಶಾಸ್ತ್ರದಲ್ಲಿ ಪರಿಶ್ರಮವಿತ್ತು. ೧೧೪೮ರಲ್ಲಿ ಸಿಸಿಲಿಯ ಸೈನ್ಯವು ಮಹದಿಯಾ ಪಟ್ಟಣವನ್ನು ಹಿಡಿಯಿತು. ಅಲ್ಲಿದ್ದ ಒಡಹುಟ್ಟಿದವರ ಯೋಗಕ್ಷೇಮವನ್ನು ವಿಚಾರಿಸಿ, ತನ್ನ ಗಳಿಕೆಯನ್ನು ಅವರೊಡನೆ ಹಂಚಿಕೊಳ್ಳುವುದಾಗಿ ಆತನು ೧೧೪೯ರಲ್ಲಿ ಏಡನ್ನಿನಿಂದ ಬರೆದ ಪತ್ರವಿದೆ. ನಂಬಿದ ತಮ್ಮನೊಬ್ಬನು ಹಣವನ್ನು ಅಪಹರಿಸಿದನು. ಕೊನೆಗೆ ಇನ್ನೊಬ್ಬ ಸೋದರನ ಮಗನಿಗೆ ತನ್ನ ಮಗಳನ್ನು ಕೊಟ್ಟು, ೧೧೫೬ರಲ್ಲಿ ಹಳೆಯ ಕೈರೋವಿನಲ್ಲಿ ಮದುವೆಯಾಯಿತು. ಆ ಕುಟುಂಬವು ಅಲ್ಲಿ ನೆಲೆಸಿದುದರಿಂದಲೇ ಮಂಗಳೂರಿನ ಕಾಗದಗಳು ಬೆನ್ ಎಜ್ರಾ ಮಂದಿರದ ಕೋಣೆಗೆ ಬಿದ್ದುವು.

ಈ ಪತ್ರಗಳಲ್ಲಿ ಬೆನ್ ಯಿಜುವಿನ ಒಬ್ಬ ದಾಸನ ಹೆಸರು ಪದೇಪದೇ ಬರುತ್ತದೆ. ಈತನು ಯಜಮಾನನ ಪರವಾಗಿ ಏಡನ್ನಿಗೆ ಹೋಗಿ ವ್ಯಾಪಾರ ಮಾಡುತ್ತಿದ್ದನು. ಏಡನ್ನಿನ ದೊಡ್ಡ ವರ್ತಕರು ಪತ್ರದಲ್ಲಿ ಆತನಿಗೆ ಪ್ರತ್ಯೇಕವಾಗಿ ವಂದನೆಗಳನ್ನು ತಿಳಿಸಿದ್ದಾರೆ. ಹೀಬ್ರೂ ಲಿಪಿಯಲ್ಲಿ ಸಾಧಾರಣವಾಗಿ ಸ್ವರಗಳನ್ನು ಬರೆಯುವುದಿಲ್ಲ. ವ್ಯಂಜನಗಳನ್ನು ಬರೆದರೆ, ಸ್ವರಗಳನ್ನು ಓದುವವನು ಭಾಷಾಜ್ಞಾನದಿಂದ ತುಂಬಿಕೊಳ್ಳಬೇಕು. ಆದುದರಿಂದ ಈ ಹೆಸರಿನಲ್ಲಿ ಬಕಾರ ಮಕಾರಗಳು ಮಾತ್ರ ಸ್ಪಷ್ಟ. ಗೊಯಿಟೈನ್ ಅವರು ಅದನ್ನು ‘ಬಾಮಾ’ ಎಂದು ಓದಿದರು. ಅಮಿತಾವ್ ಘೋಷ್ ಅವರು ಈ ದಾಸನ ಜಾಡನ್ನು ಹಿಡಿದು ಮಂಗಳೂರಿಗೆ ಬಂದು, ತುಳು ವಿದ್ವಾಂಸರಾದ ಬಿ. ಎ. ವಿವೇಕ ರೈ ಅವರೊಡನೆ ಸಮಾಲೋಚಿಸಿ, ೧೯೯೨ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಆ ಹೆಸರನ್ನು ‘ಬೊಮ್ಮ’ ಎಂದು ಓದಿದ್ದಾರೆ. ಬ್ರಹ್ಮಶಬ್ದದ ತದ್ಭವವಾದ ಬಮ್ಮ, ಬೊಮ್ಮ ಎಂಬ ಹೆಸರುಗಳು ನಮ್ಮ ಶಾಸನಗಳನ್ನು ಬಲ್ಲವರಿಗೆ ಹೊಸವಲ್ಲ. ಹೀಬ್ರೂ ಪಾಂಡಿತ್ಯವು ಮಂಗಳೂರಿನ ಚರಿತ್ರೆಗೆ ಬೆಳಕು ಕೊಟ್ಟಿತು. ಪ್ರತಿಯಾಗಿ ನಮ್ಮ ನಾಡಿನ ನುಡಿಗಳು ಹೀಬ್ರೂ ಲಿಪಿಯ ಒಂದು ಹೆಸರಿಗೆ ಸ್ವರವನ್ನು ತುಂಬಿದುವು.

ಇದರಿಂದ ನಾವು ಕಲಿಯಬೇಕಾದುದು ಏನು? ನಮ್ಮ ಮೈಸೂರಿನಲ್ಲಿಯೂ ಇಂಥ ಪ್ರಸಂಗಗಳು ನಡೆದಿವೆ. ೧೯೦೫ರಲ್ಲಿ ತಂಜಾವೂರು ಸೀಮೆಯ ಒಬ್ಬ ಪಂಡಿತರು ಪ್ರಾಚ್ಯಪುಸ್ತಕಭಂಡಾರಕ್ಕೆ ತಂದುಕೊಟ್ಟ ಓಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದರು, ೧೯೦೯ರಲ್ಲಿ ಅದು ಅಚ್ಚಾಯಿತು. ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರು ಶೃಂಗೇರಿಯ ಮಠದಲ್ಲಿ ಟಿಪ್ಪೂ ಸುಲ್ತಾನನ ಪತ್ರಗಳ ಒಂದು ಕಟ್ಟನ್ನು ಕಂಡರು. ಮಠಕ್ಕೂ ಸುಲ್ತಾನನಿಗೂ ಇದ್ದ ಗೌರವದ ಸಂಬಂಧವು ಆ ಕಾಗದಗಳಿಂದ ಹೊರಬಿತ್ತು. ಎರಡು ಕಡೆಯಲ್ಲಿಯೂ ಹಾಳೆಯು ಉಳಿದಿದ್ದುದು ಒಂದು ಭಾಗ್ಯ, ಓದಬಲ್ಲ ಕಣ್ಣು ಸಮಯಕ್ಕೆ ದೊರೆತುದು ಎರಡನೆಯ ಭಾಗ್ಯ.

ಮೊದಲನೆಯ ಭಾಗ್ಯವನ್ನು ನಾವೇ ಎಷ್ಟೋ ಸಲ ಕೈಯಾರೆ ಕಳೆದುಕೊಂಡಿದ್ದೇವೆ. ಬರಹವನ್ನು ನಾವೂ ಪೂಜಿಸುತ್ತೇವೆ. ಆದರೆ ಆ ಭಕ್ತಿಯಿಂದಲೇ ಹಳೆಯ ಓಲೆಗಳನ್ನು ನದಿಗೆ ಬಿಟ್ಟು ಕೈಮುಗಿಯುತ್ತೇವೆ. ಅವರದು ಒಣ ಕೋಣೆ, ನಮ್ಮದು ತುಂಬಿದ ಹೊಳೆ! ಹಿಂದೆ ನಮ್ಮ ವರ್ತಕರು ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದ ಬಟ್ಟೆಯ ಕಡತಗಳಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಕಚೇರಿಯ ಕಡತವೆಂಬ ಮಾತು ಉಳಿಯಿತು. ಬಟ್ಟೆಯ ಕಡತಗಳಲ್ಲಿ ಬಹುಪಾಲು ಹೋದುವು.

ಎರಡನೆಯ ಭಾಗ್ಯವೂ ಕೈಬಿಡುವ ಹಾಗಿದೆ. ಘಟಪ್ರಭೆಯ ಸೀಮೆಗೆ ಇನ್ನೊಮ್ಮೆ ಹೋಗೋಣ. ಪೇಶ್ವೆಯವರ ಮತ್ತು ದಕ್ಷಿಣ ಮರಾಠಾ ಸಂಸ್ಥಾನಿಕರ ಕಾಲದಲ್ಲಿ ಅಲ್ಲಿಯ ಕುಲಕರ್ಣಿಗಳ ದಫ್ತರಗಳು ಮೋಡಿ ಲಿಪಿಯಲ್ಲಿ ಬರೆಯಲ್ಪಡುತ್ತಿದ್ದುವು. ಧುಪದಾಳದಂಥ ಊರಿನಲ್ಲಿ ಯಾರ ಹೊಲಕ್ಕೆ ಯಾವ ಬದು, ಯಾವ ಬರಗಾಲದಲ್ಲಿ ಎಷ್ಟು ಸೂಟಿ, ಯಾವ ತಕರಾರಿಗೆ ಯಾರ ಸಾಕ್ಷಿ, ಇವುಗಳನ್ನು ಹೇಳತಕ್ಕ ಬರಹಗಳು ಅಂಥವು. ಶಾಲೆಗಳಲ್ಲಿ ಮೋಡಿಯನ್ನು ಕಲಿಸುವುದು ನಿಂತು ಬಹಳ ವರ್ಷಗಳಾದುವು. ಅದನ್ನು ತಡೆಯಿಲ್ಲದೆ ಓದಬಲ್ಲವರು ದಿನೇದಿನೇ ಕಡಮೆಯಾಗುತ್ತಿದ್ದಾರೆ. ಲಿಪಿಜ್ಞಾನವು ಅಳಿದರೆ ಇದ್ದ ಕಾಗದವೂ ಇಲ್ಲದಂತೆಯೇ ಸರಿ. ಮನೆಯ ಅಟ್ಟದಲ್ಲಿ ಅಂಥ ಗಂಟಿದ್ದವರು ಅದನ್ನು ತೂಕಕ್ಕೆ ಮಾರದೆ, ನೀರಿಗೂ ಬಿಡದೆ, ಸಮೀಪದ ಪತ್ರಾಗಾರಕ್ಕಾಗಲಿ ವಿಶ್ವವಿದ್ಯಾನಿಲಯಕ್ಕಾಗಲಿ ತೋರಿಸಬೇಕು. ಕಾಲೇಜಿನ ತರುಣರಲ್ಲಿ ಕೆಲವರಾದರೂ ಆ ಲಿಪಿಯನ್ನು ಕಲಿಯಬೇಕು.

ಶೆಖ್ಟರ್ ಅವರು ತಮ್ಮ ಭಾಷೆಯ ಒಂದು ಗ್ರಂಥಕ್ಕಾಗಿ ಧೂಳನ್ನು ಕುಡಿದರು. ತಾವು ತಂದ ರಾಶಿಯಲ್ಲಿ ಮಂಗಳೂರಿನ ಬೊಮ್ಮನೂ ಇದ್ದಾನೆಂಬುದು ಅವರ ಕನಸಿನಲ್ಲಿಯೂ ಇದ್ದಿರಲಾರದು. ಆದರೂ ತಮ್ಮ ಕಾರ್ಯಕ್ಕೆ ಬೇಡವಾದುದೆಂದು ಆ ಲೆಕ್ಕದ ಚೀಟಿಗಳನ್ನು ಅವರು ಹಿಂದೆ ಬಿಟ್ಟುಬರಲಿಲ್ಲ.